ನಾನು ಮುಂದಿಡದ ಹೆಜ್ಜೆ

ನಮ್ಮ ಕೋಚು ನಮ್ಮ ನಾಲ್ಕು ಜನರನ್ನು ಹಗ್ಗದಲ್ಲಿ ಕಟ್ಟಿ ಆಡಿಸುತ್ತಿದ್ದರು. ದನ ಕಟ್ಟುವ ಹಗ್ಗ. ಒಬ್ಬನ ಸೊಂಟದಿಂದ ಇನ್ನೊಬ್ಬನ ಸೊಂಟಕ್ಕೆ ಕೆಲವು ಮಾರು ಬಿಟ್ಟು ಬಿಗಿದರೆ, ಫುಟ್‌ಬಾಲ್ ಮೈದಾನಕ್ಕೆ ಅಡ್ಡಲಾಗಿ, ಗೋಲಿನ ಮುಂದೆ ತಡೆಯುವ ನಾವು ನಾಲ್ವರು ಬ್ಯಾಕುಗಳು ಸಾಲಾಗಿ ನಿಲ್ಲುತ್ತಿದ್ದೆವು. ಒಬ್ಬ ಮುಂದೆ ಹೋದರೆ ಎಲ್ಲರೂ ಹೋಗಬೇಕು. ಒಬ್ಬ ನಿಂತುಬಿಟ್ಟರೆ ಉಳಿದವರು ಮುಗ್ಗರಿಸಬೇಕು. ಹೊಸೂರಿನ ನಮ್ಮ ಕಾರ್ಖಾನೆಯ ಹಿಂದಿನ ಆ ಬಯಲಿನಲ್ಲಿ, ಶಿಫ್ಟ್ ಮುಗಿಸಿ ಹೊರಟವರು ಸೈಕಲ್ ನಿಲ್ಲಿಸಿ ನೋಡಿ ನಗುತ್ತಿದ್ದರು.

"ಏನ್ ಸಾರ್, ಸಂತೆಗೆ ಹೊಡ್ಕೊಂಡ್ ಹೋಯ್ತಿದ್ದೀರಾ? ಎಷ್ಟಕ್ಕೆ ಕೊಡ್ತೀರಾ ಬಲಗಡೇದು?" ಎಂದು ಒಬ್ಬ ಕೇಳಿದ್ದ. ಬಲಗಡೆಯವನು ನಾನು.

ಕೋಚು ಕೋಲಾರದ ಚಿನ್ನದ ಗಣಿಯ ಕಡೆಯವರು. ಅವರ ತಂದೆ ಗಣಿಯೊಳಗೆ ಕೆಲಸ ಮಾಡುತ್ತ, ಬಿಡುವಿನಲ್ಲಿ ಅಲ್ಲಿಯ ಬಿಳಿಯ ಮೇಲ್ವಿಚಾರಕರ ಜೊತೆ ಚೆಂಡಾಡಿದವರು. ಎರಡು ಮಹಾಯುದ್ಧಗಳ ನಡುವಿನ ಕಾಲ ಅದು. ಆ ಬಿಳಿಯರಲ್ಲಿ ಒಬ್ಬ ಇಂಗ್ಲೆಂಡಿನಲ್ಲಿ ಬ್ಯಾಕ್ ಆಗಿ ಆಡಿ ಬಂದವನಂತೆ. ಕಲ್ಲಿದ್ದಲ ಗಣಿಯಿಂದ ಆಟಕ್ಕೆ ಹೋಗಿ, ಒಂದೇ ಊರಿನ ತಂಡಕ್ಕೆ ವರ್ಷಗಟ್ಟಲೆ ಆಡಿ, ಒಂದು ಗೋಲನ್ನೂ ಹೊಡೆಯದೆ, ಕೊನೆಗೆ ಮಂಡಿ ಹಾಳಾಗಿ ಹಡಗು ಹತ್ತಿದವನು. ಗಣಿ ಬಿಟ್ಟು ಆಟಕ್ಕೆ ಹೋದವನು ಆಟ ಬಿಟ್ಟು ಮತ್ತೆ ಗಣಿಗೇ ಬಂದ, ಅದೂ ಏಳು ಸಮುದ್ರ ದಾಟಿ, ಎಂದು ಕೋಚು ಹೇಳುತ್ತಿದ್ದರು. ಅವನು ಆಡುತ್ತಿದ್ದ ಕಾಲದಲ್ಲಿಯೇ ಆಫ್‌ಸೈಡ್ ನಿಯಮ ಬದಲಾಯಿತು. ಅಲ್ಲಿಯವರೆಗೆ ಒಬ್ಬ ಬ್ಯಾಕ್ ಮುಂದೆ ಬಂದರೂ ಸಾಕಿತ್ತು. ಆಮೇಲೆ ಜೊತೆಯವನೂ ಬರಬೇಕಾಯಿತು. ಹಳೆಯ ಅಭ್ಯಾಸ ಕಾಲಿನಿಂದ ಬೇಗ ಹೋಗುವುದಿಲ್ಲವಲ್ಲ, ಅದಕ್ಕೆ ಅವನು ತನ್ನ ಜೊತೆಯ ಬ್ಯಾಕಿಗೆ ಹಗ್ಗ ಕಟ್ಟಿಕೊಂಡು ಅಭ್ಯಾಸ ಮಾಡಿದನಂತೆ. ಆ ಹಗ್ಗವೇ ಕೋಚಿನ ತಂದೆಯಿಂದ ಕೋಚಿಗೆ, ಕೋಚಿನಿಂದ ನಮ್ಮ ಸೊಂಟಕ್ಕೆ ಬಂದಿತ್ತು.

ಆಟ ನೋಡದವರಿಗಾಗಿ ಒಂದು ಮಾತು ಹೇಳಬೇಕು. ಎದುರಾಳಿ ಚೆಂಡು ಒದೆಯುವ ಹೊತ್ತಿಗೆ ಅವರ ಕಡೆಯವನೊಬ್ಬ ನಮ್ಮ ಬ್ಯಾಕುಗಳ ಸಾಲನ್ನು ದಾಟಿ ಗೋಲಿನ ಹತ್ತಿರ ನಿಂತಿದ್ದರೆ ಅವನು ಆಫ್‌ಸೈಡ್. ಅವನು ಹೊಡೆದ ಗೋಲು ಲೆಕ್ಕಕ್ಕಿಲ್ಲ. ಅದಕ್ಕಾಗಿ ಬ್ಯಾಕುಗಳು ಒಂದು ಉಪಾಯ ಮಾಡುತ್ತಾರೆ. ಚೆಂಡು ಒದೆಯುವ ಕ್ಷಣಕ್ಕೆ ಸರಿಯಾಗಿ ಎಲ್ಲರೂ ಒಟ್ಟಿಗೆ ಮುಂದೆ ಬರುತ್ತಾರೆ. ನಮ್ಮ ಹಿಂದೆ ಉಳಿದವನು ಸಿಕ್ಕಿಬಿದ್ದ. ನಾವು ಮೊದಲೇ ಬಂದುಬಿಟ್ಟರೆ ಅವನೂ ಜೊತೆಗೇ ಬಂದು ತಪ್ಪಿಸಿಕೊಳ್ಳುತ್ತಾನೆ. ಆದರೆ ನಮ್ಮಲ್ಲಿ ಒಬ್ಬನೇ ಒಬ್ಬ ಹಿಂದೆ ಉಳಿದರೂ ಎಲ್ಲ ಕೆಟ್ಟಿತು. ಎದುರಾಳಿಗೆ ದಾರಿ ಬಿಟ್ಟುಕೊಟ್ಟ ಹಾಗೆ.

ನಮ್ಮ ಸಾಲಿನಲ್ಲಿ ಹೊತ್ತು ನೋಡಿ ಕೈ ಎತ್ತುವ ಕೆಲಸ ನನ್ನ ಎಡಕ್ಕೆ ನಿಲ್ಲುತ್ತಿದ್ದವನದು. ಅವನು ಕೈ ಎತ್ತಿದರೆ ನಾವು ಹೆಜ್ಜೆ ಇಡಬೇಕು. ಕೆಲಮಂಗಲದ ಕಡೆಯ ಹಳ್ಳಿಯವನು, ಹತ್ತಾರು ತಲೆಮಾರಿನಿಂದ ಅಲ್ಲಿಯೇ ಬೇಸಾಯ ಮಾಡುತ್ತಿದ್ದ ಕನ್ನಡದ ಮನೆ. ನಾನು ಮಾಲೂರಿನ ಕಡೆಯಿಂದ ಕೆಲಸ ಹುಡುಕಿ ಬಂದವನು, ಹೈಸ್ಕೂಲು ಮುಗಿಸಿದ್ದೆ. ಅವನದು ಎಂಟನೇ ತರಗತಿಗೇ ನಿಂತಿತ್ತು. ಇಬ್ಬರಿಗೂ ಆಟ ಬರುತ್ತದೆ ಎಂಬ ಕಾರಣಕ್ಕೇ ಕಾರ್ಖಾನೆಯವರು ಟ್ರೈನಿಂಗಿಗೆ ತೆಗೆದುಕೊಂಡಿದ್ದರು. ಕಾರ್ಖಾನೆಯ ಹತ್ತಿರದ ಮೂಕಂಡಪಲ್ಲಿಯಲ್ಲಿ ಒಂದೇ ಕೋಣೆಯಲ್ಲಿದ್ದೆವು. ಅವನು ರಾಗಿಹಿಟ್ಟು ಊರಿನಿಂದ ತರುತ್ತಿದ್ದ, ನಾನು ಸಾರು ಮಾಡುತ್ತಿದ್ದೆ. "ನಿನ್ ಸಾರ್ಗೆ ಮುದ್ದೆ ಮುಳುಗಾಕಿಲ್ಲ ಕಣ್ಲಾ, ತೇಲ್ತದೆ" ಎನ್ನುತ್ತಿದ್ದ.

ಅವನ ಕಣ್ಣು ಬೇರೆ. ಬೇರೆಯವರು ಚೆಂಡು ನೋಡುತ್ತಿದ್ದರೆ ಅವನು ಒದೆಯುವವನ ಮಂಡಿ ನೋಡುತ್ತಿದ್ದ. ಮಂಡಿ ಮಡಿಚಿದ ಕೂಡಲೇ ಕೈ ಮೇಲೆ. ಆ ವರ್ಷ ಅವನ ಕೈಯನ್ನು ನಂಬಿ ಹೆಜ್ಜೆಯಿಟ್ಟು ನಾವು ಎಷ್ಟು ಗೋಲು ತಪ್ಪಿಸಿದೆವೋ ನೆನಪಿಲ್ಲ. ಯಾರಿಗೂ ನೆನಪಿಲ್ಲ. "ಸಾವಿರ ಸಲ ತಡೆದದ್ದನ್ನ ಯಾರೂ ಹೇಳಲ್ಲ, ಒಂದು ಸಲ ಬಿಟ್ಟದ್ದನ್ನ ಸಾಯೋವರೆಗೂ ಹೇಳ್ತಾರೆ" ಎಂದು ಆ ಇಂಗ್ಲಿಷಿನವನು ಹೇಳುತ್ತಿದ್ದನಂತೆ. ಕೋಚು ಅದನ್ನು ನಮಗೆ ದಿನವೂ ಹೇಳುತ್ತಿದ್ದರು. ಆಗ ಅದು ನನ್ನ ಪಾಲಿಗೆ ಹಳೆಯ ಮಾತು, ಅಷ್ಟೆ.

ಕಾರ್ಖಾನೆ ತಂಡಗಳ ಪಂದ್ಯಾವಳಿಯ ಫೈನಲ್ಲು ಕೃಷ್ಣಗಿರಿಯಲ್ಲಿ. ಬ್ಯಾಕುಗಳಲ್ಲಿ ಟ್ರೈನಿಂಗಿನಲ್ಲಿದ್ದವರು ನಾವಿಬ್ಬರೇ. ಒಬ್ಬನನ್ನು ಮಾತ್ರ ಪರ್ಮನೆಂಟ್ ಮಾಡುತ್ತಾರೆ ಎಂಬುದು ಆ ಹೊತ್ತಿಗೆ ಕ್ಯಾಂಟೀನಿನವರಿಗೂ ಗೊತ್ತಿತ್ತು. ನಾವು ಅದರ ಬಗ್ಗೆ ಮಾತನಾಡುತ್ತಿರಲಿಲ್ಲ. ಒಂದೇ ಒಂದು ಸಲ ಅವನು, "ನೀನು ಆಗ್ಬುಟ್ರೆ ರೂಮ್ ನೀನೇ ಇಟ್ಕ. ನಾನು ಆದ್ರೆ ಸಾರು ಮಾಡಕ್ಕೆ ನೀನೇ ಇರು" ಎಂದಿದ್ದ.

ಆಟ ಮುಗಿಯಲು ಇನ್ನು ಸ್ವಲ್ಪ ಹೊತ್ತಿತ್ತು. ಎರಡೂ ಕಡೆ ಗೋಲಿಲ್ಲ. ನನ್ನ ಎದುರಿನ ಫಾರ್ವರ್ಡ್ ಚಿಗರೆಯ ಹಾಗೆ ಓಡುವವನು, ಅಷ್ಟರಲ್ಲಾಗಲೇ ನನ್ನನ್ನು ಎರಡು ಸಲ ದಾಟಿ ಹೋಗಿದ್ದ. ನಾನು ಹೆದರಿಬಿಟ್ಟಿದ್ದೆ. ಇದಕ್ಕಿಂತ ಬೇರೆ ಕಾರಣವನ್ನು ನಾನು ಇಷ್ಟು ವರ್ಷ ಹುಡುಕಿದ್ದೇನೆ. ಬಿಸಿಲು ಅಂದಿದ್ದೇನೆ, ಬೂಟು ಸರಿಯಿರಲಿಲ್ಲ ಅಂದಿದ್ದೇನೆ. ಯಾವುದೂ ನಿಜವಲ್ಲ. ನಡು ಮೈದಾನದಲ್ಲಿ ಅವರವನ ಮಂಡಿ ಮಡಿಚಿತು, ನನ್ನ ಎಡಕ್ಕೆ ಕೈ ಮೇಲೆದ್ದಿತು, ಉಳಿದ ಮೂವರೂ ಮುಂದೆ ಬಂದರು. ನನ್ನ ಕಾಲು ಹಿಂದಕ್ಕೆ ಹೋಯಿತು. ಆ ಫಾರ್ವರ್ಡ್ ನನ್ನನ್ನು ದಾಟುತ್ತಾನೆ ಎಂಬ ಭಯಕ್ಕೆ ನಾನು ಮೊದಲೇ ಗೋಲಿನ ಕಡೆ ಹೆಜ್ಜೆಯಿಟ್ಟೆ.

ಲೈನ್ಸ್‌ಮನ್ನಿನ ಆಫ್‌ಸೈಡ್ ಬಾವುಟ ಏಳಲಿಲ್ಲ. ಚೆಂಡು ನನ್ನ ಜೊತೆಗಾರನ ಪಕ್ಕದಲ್ಲಿಯೇ ಹಾದು ಹೋಯಿತು. ಅವನು ಕೈ ಎತ್ತಿಕೊಂಡು, ಬಾವುಟ ಏಳುತ್ತದೆಂದು ನಂಬಿ, ನಿಂತೇ ಇದ್ದ. ಗೋಲಾಯಿತು. ಮೈದಾನದಲ್ಲಿದ್ದವರೆಲ್ಲ ಆ ಕೈ ನೋಡಿದರು. ನನ್ನ ಕಾಲನ್ನು ಯಾರು ನೋಡುತ್ತಾರೆ?

ಆಟ ಮುಗಿದ ಮೇಲೆ ಬಟ್ಟೆ ಬದಲಿಸುವ ಶೆಡ್ಡಿಗೆ ಕಾರ್ಖಾನೆಯ ಅಧಿಕಾರಿ ಬಂದರು. ತಮಿಳಿನವರು, ಒಳ್ಳೆಯವರೇ. ಕೂಗಾಡಲಿಲ್ಲ. "ಯಾರ್ ತಪ್ಪು?" ಎಂದು ಮಾತ್ರ ಕೇಳಿದರು. ನಾನು ಬೂಟಿನ ದಾರ ಬಿಚ್ಚುತ್ತಿದ್ದೆ. ಬಿಚ್ಚಿದ ದಾರವನ್ನೇ ಮತ್ತೆ ಕಟ್ಟಿ ಮತ್ತೆ ಬಿಚ್ಚಿದೆ. ನನ್ನ ಜೊತೆಗಾರ ನನ್ನ ಕಡೆ ನೋಡಿದ. ಆರೋಪ ಮಾಡುವ ನೋಟವಲ್ಲ ಅದು, ಕೇಳುವ ನೋಟ. ನೀನು ಬಂದೆಯಲ್ಲವಾ ಎಂದು. ನಾನು ಬಂದೆ ಎನ್ನುವ ಹಾಗೆ ತಲೆಯಾಡಿಸಿದೆ.

"ನಾನೇ ಬಿರ್ರನೆ ಎತ್ಬುಟ್ನೇನೋ ಸಾರ್" ಎಂದ ಅವನು.

ವಾಪಸು ಬರುವಾಗ ಬಸ್ಸಿನಲ್ಲಿ ಅವನು ಮುಂದಿನ ಸೀಟಿನಲ್ಲಿ ಕಿಟಕಿಗೆ ತಲೆಕೊಟ್ಟು ಕೂತಿದ್ದ. ಹಿಂದೆ ಯಾರೂ ಮಾತನಾಡುತ್ತಿರಲಿಲ್ಲ. ಆ ಮೌನದಲ್ಲಿ ಯಾರಾದರೂ ಯೋಚಿಸಿ ನನ್ನ ಹೆಸರು ಹೇಳಿಬಿಟ್ಟಾರು ಎಂದು ನನಗೆ ಹೆದರಿಕೆ. ಶೂಲಗಿರಿ ಹತ್ತಿರ ರಸ್ತೆ ಕವಲೊಡೆಯುವ ಕಡೆ ಊರಿನ ದಾರಿ ತೋರಿಸುವ ಕೈಮರ ಕಂಡಿತು. ನಾನು ಮೆಲ್ಲಗೆ ಪಕ್ಕದವನಿಗೆ, "ನೋಡ್ಲಾ, ನಮ್ಮ ಬ್ಯಾಕು ಇನ್ನೂ ಇಲ್ಲೇ ನಿಂತವ್ನೆ" ಎಂದೆ. ಅವನು ಇನ್ನೊಬ್ಬನಿಗೆ ಹೇಳಿದ. ಇಡೀ ಬಸ್ಸು ನಕ್ಕಿತು. ಹೊಸೂರು ಸೇರುವ ಹೊತ್ತಿಗೆ ನನ್ನ ಜೊತೆಗಾರ ಕೈಮರ ಆಗಿದ್ದ, ತಮಿಳಿನವರ ಬಾಯಲ್ಲಿ ಕೈಕಾಟ್ಟಿ. ಯಾರು ಮೊದಲು ಅಂದದ್ದೆಂದು ಅವನಿಗೆ ತಿಳಿಯಲಿಲ್ಲ.

ಟ್ರೈನಿಂಗ್ ಮುಗಿದಾಗ ನನ್ನನ್ನು ಪರ್ಮನೆಂಟ್ ಮಾಡಿದರು. ಅವನು ಚಾಪೆ ಸುತ್ತಿಕೊಂಡು ಊರಿಗೆ ಹೋದ. ರಾಗಿಹಿಟ್ಟಿನ ಡಬ್ಬಿ ನನಗೇ ಬಿಟ್ಟು ಹೋದ. ಆ ಕೆಲಸದಲ್ಲಿ ನಾನು ರಿಟೈರ್ ಆಗುವವರೆಗೂ ಇದ್ದೆ, ಮೂಕಂಡಪಲ್ಲಿಯಲ್ಲಿ ಮನೆ ಕಟ್ಟಿದೆ, ಮಕ್ಕಳನ್ನು ಓದಿಸಿದೆ. ಕೆಲಮಂಗಲ ಬಸ್ಸಿನಲ್ಲಿ ಮುಕ್ಕಾಲು ಗಂಟೆಯ ದಾರಿ. ಒಂದು ದಿನವೂ ಆ ಕಡೆ ಹೋಗಲಿಲ್ಲ.

ಈ ವರ್ಷ ನಮ್ಮ ಹಳೆಯ ಗೋಲ್‌ಕೀಪರ್ ಫೋನು ಮಾಡಿದ. ಕೃಷ್ಣಗಿರಿಯವನು, ತಮಿಳು ಕನ್ನಡ ಎರಡನ್ನೂ ಕಲಸಿ ಮಾತನಾಡುವವನು. ಬದುಕಿರುವ ಆಟಗಾರರೆಲ್ಲ ಹೊಸೂರಿನಲ್ಲಿ ಒಂದು ಭಾನುವಾರ ಸೇರಿ ಊಟ ಮಾಡೋಣ ಎಂದು ಅವನ ಏರ್ಪಾಡು.

"ಎಲ್ಲಾರೂ ಬರ್ತಾರಪ್ಪಾ. ಆ ಕೈಕಾಟ್ಟಿ ಇದಾನಾ? ಅವನ ಊರು ನಿಂಗೆ ತಾನೇ ಗೊತ್ತು, ಹೋಗಿ ಕರ್ಕೊಂಡ್ ಬಾ. ಅವನು ಇಲ್ಲಾಂದ್ರೆ ತಮಾಷೆ ಇಲ್ಲ."

ಆ ಮಾತಿಗೆ ನಾನು ಸರಿ ಎಂದೆ. ಫೋನು ಇಟ್ಟ ಮೇಲೆ, ಇಷ್ಟು ವರ್ಷದ ಮೇಲೂ ಅವನನ್ನು ನಗುವುದಕ್ಕಾಗಿ ಕರೆಯುತ್ತಿದ್ದಾರೆ, ಕರೆತರುವವನು ನಾನು ಎಂದು ಹೊಳೆಯಿತು. ಹೋದರೆ ನಿಜ ಹೇಳಿಯೇ ಕರೆಯಬೇಕು, ಇಲ್ಲದಿದ್ದರೆ ಹೋಗಬಾರದು ಎಂದುಕೊಂಡೆ. ಎರಡು ದಿನ ಹೋಗಲಿಲ್ಲ. ಮೂರನೆಯ ದಿನ ಬಸ್ಸು ಹತ್ತಿದೆ.

ಬಸ್ಸಿಳಿದು ಮನೆ ಕೇಳಿದರೆ ಅಂಗಡಿಯವನು, "ಯಾರು, ಕೈಮರದಣ್ಣನ ಮನೇನಾ?" ಎಂದ. ಹೆಸರು ನನಗಿಂತ ಮೊದಲೇ ಊರಿಗೆ ಬಂದು ನೆಲೆಸಿತ್ತು.

ಅವನು ಮನೆ ಮುಂದಿನ ಶೀಟಿನ ಕೆಳಗೆ ಕೂತು ಗುಲಾಬಿ ಹೂವಿನ ಕಡ್ಡಿಗಳನ್ನು ಕಟ್ಟು ಕಟ್ಟುತ್ತಿದ್ದ. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಮೈ ಮಾತ್ರ ಹಾಗೆಯೇ, ಬ್ಯಾಕಿನ ಮೈ. ನನ್ನನ್ನು ನೋಡಿ ಕಣ್ಣು ಕಿರಿದು ಮಾಡಿದ.

"ಸಾರಿನವ್ನಲ್ವೇನ್ಲಾ ನೀನು?"

"ಹೂಂ ಕಣಯ್ಯಾ."

"ಹಂಗಾದ್ರೆ ಕುಂತ್ಕ. ನಮ್ಮನೇಲಿ ಸಾರು ಗಟ್ಟಿ ಐತೆ."

ಅವನ ಹೆಂಡತಿ ಮಜ್ಜಿಗೆ ತಂದುಕೊಟ್ಟು, ಅವನ ಎದುರಿಗೆ ಕೂತು ಹೂವಿನ ಎಲೆ ಬಿಡಿಸತೊಡಗಿದರು. ಇವರ ಮುಂದೆ ಹೇಗೆ ಎಂದು ನಾನು ಹಿಂದೆಗೆದೆ. ಮತ್ತೆ ಹಿಂದಕ್ಕೆ ಹೋಗುವ ಅದೇ ಕಾಲು ಎನ್ನಿಸಿ ಹೇಳಿಬಿಟ್ಟೆ. ಊಟಕ್ಕೆ ಕರೆದಿದ್ದಾರೆ ಎಂಬುದನ್ನಲ್ಲ, ಅದನ್ನು. ನೀನು ಕೈ ಎತ್ತಿದ್ದು ಸರಿಯಾಗಿತ್ತು, ಮೂರು ಜನ ಬಂದರು, ನಾನು ಬರಲಿಲ್ಲ, ಶೆಡ್ಡಿನಲ್ಲಿ ತಲೆಯಾಡಿಸಿದ್ದು ಸುಳ್ಳು.

ಅವನ ಕೈ ನಿಲ್ಲಲಿಲ್ಲ. ಒಂದು ಕಟ್ಟು ಮುಗಿಸಿದ, ಕಾಗದ ಸುತ್ತಿದ, ಇನ್ನೊಂದಕ್ಕೆ ಕಡ್ಡಿ ಎತ್ತಿಕೊಂಡ.

"ನಾನು ಎತ್ತಿದ್ದು ಸರಿಯಾ?" ಎಂದ.

"ಸರಿ."

"ಬಿರ್ರನೆ ಎತ್ನಿಲ್ವಾ?"

"ಇಲ್ಲ. ಒದೆಯೋ ಹೊತ್ತಿಗೆ ಸರ್ಯಾಗಿ ಎತ್ತಿದ್ದೆ."

ಅವನ ಹೆಂಡತಿ ಎಲೆ ಬಿಡಿಸುವುದನ್ನು ನಿಲ್ಲಿಸಿದರು. "ಅಣ್ಣಾ, ಇದ್ಯಾವ ಆಟದ ಇಸ್ಯ ಅಂತ ನಂಗೊತ್ತಿಲ್ಲ" ಎಂದರು. "ಆದ್ರೆ ಇವ್ರು ಮದ್ವೆ ಆದಾಗ್ಲಿಂದ ಒಂದು ಎತ್ತು ತಗೋಬೇಕಾದ್ರೂ ನೀನೇ ನೋಡು ಅಂತಾರೆ. ಮಗಳಿಗೆ ಗಂಡು ಬಂದಾಗ ಇವ್ರು ಒಳಗೆ ಕುಂತ್ಬುಟ್ರು. ನನ್ ಕಣ್ಣು ನಂಬಬ್ಯಾಡ, ನನ್ ಕಣ್ಣು ಸರಿಯಿಲ್ಲ ಅಂದ್ರು. ನಾನು ಕನ್ನಡಕ ಮಾಡ್ಸಿ ಅಂತ ಹೊಸೂರ್ಗೆ ಕಳ್ಸಿದ್ದೆ."

"ತೋರಿಸ್ದೆ ಕಣೆ. ಡಾಕ್ಟ್ರು ಕಣ್ಣು ಚೆನ್ನಾಗೈತೆ ಅಂದ್ರು" ಎಂದ ಅವನು. ನಕ್ಕನೋ ಇಲ್ಲವೋ ತಿಳಿಯಲಿಲ್ಲ.

ನನಗೆ ಅಲ್ಲಿಯವರೆಗೆ ನಾನು ಕಸಿದದ್ದು ಕೆಲಸ ಎಂಬ ಲೆಕ್ಕವಿತ್ತು. ಅವನ ಹೂವಿನ ತೋಟ, ಗಟ್ಟಿಮನೆ ನೋಡಿ ಒಳಗೊಳಗೆ ಸ್ವಲ್ಪ ಸಮಾಧಾನವನ್ನೂ ಪಟ್ಟುಕೊಂಡಿದ್ದೆ. ಕೆಲಸ ಹೋದರೂ ಚೆನ್ನಾಗಿದ್ದಾನಲ್ಲ ಎಂದು. ನಾನು ಕಸಿದದ್ದು ಅದಲ್ಲ. ಊರಿನ ಹುಡುಗರು ಆಟ ಹೇಳಿಕೊಡು ಎಂದು ಬಂದಾಗಲೆಲ್ಲ, ಯಾವಾಗ ಕೈ ಎತ್ತಬೇಕೆಂದು ಗೊತ್ತಿಲ್ಲದವನು ಏನು ಹೇಳಿಕೊಡಲಿ ಎಂದು ಕಳಿಸಿಬಿಟ್ಟನಂತೆ. ಕೃಷ್ಣಗಿರಿಯಿಂದ ಬಂದ ಮೇಲೆ ಅವನು ಚೆಂಡು ಮುಟ್ಟಿಲ್ಲ.

ಆಮೇಲೆ ಊಟದ ವಿಷಯ ಹೇಳಿದೆ. ಬರಬೇಡ, ಅವರು ನಗುತ್ತಾರೆ ಎಂದೂ ಹೇಳಿದೆ.

"ಬತ್ತೀನಿ" ಎಂದ. "ಇಲ್ಲಿ ನನ್ನ ಮುಂದೆ, ಇವಳ ಮುಂದೆ ಹೇಳ್ದೆ, ಸರಿ. ಗೋಲ್ ಬಿಟ್ಟೋನು ನಾನು ಅಂತ ಅಂದ್ಕೊಂಡಿರೋರು ಅಲ್ಲಿ ಅವ್ರೆ. ಅಲ್ಲಿ ಹೇಳು. ಹೇಳ್ದೆ ಇದ್ರೂ ಬೇಜಾರಿಲ್ಲ, ಉಂಡ್ಕೊಂಡು ಬತ್ತೀನಿ."

ಆ ಭಾನುವಾರ ಮಧ್ಯಾಹ್ನ ಹೊಸೂರಿನ ಹೋಟೆಲೊಂದರ ಮಹಡಿಯಲ್ಲಿ ಎಂಟೊಂಬತ್ತು ಮುದುಕರು ಸೇರಿದ್ದೆವು. ಕೋಚು ತೀರಿಕೊಂಡು ಬಹಳ ವರ್ಷವಾಗಿತ್ತು. ಸಕ್ಕರೆ ಕಾಯಿಲೆ, ಮಂಡಿ ನೋವು, ಮೊಮ್ಮಕ್ಕಳು, ಬಹುಪಾಲು ಮಾತು ತಮಿಳಿನಲ್ಲಿಯೇ ನಡೆಯಿತು. ನಾನು ಹೇಳಬೇಕಾದದ್ದನ್ನು ತಮಿಳಿನಲ್ಲಿ ಮನಸ್ಸಿನೊಳಗೇ ಜೋಡಿಸಿಕೊಂಡು ಬಂದಿದ್ದೆ. ನನ್ನ ಜೊತೆಗಾರ ಮೆಟ್ಟಿಲು ಹತ್ತಿ ಬಂದ ಕೂಡಲೇ ಗೋಲ್‌ಕೀಪರ್ ಎದ್ದು ಕೈ ಎತ್ತಿ ಕಂಬದ ಹಾಗೆ ನಿಂತ. ಎಲ್ಲರೂ ನಕ್ಕರು. ಅವನೂ ನಕ್ಕು, ಬಿಳಿಯ ಪಂಚೆ ಸರಿಮಾಡಿಕೊಂಡು ಕೂತ.

ಬಿರಿಯಾನಿ ಬರುವ ಮೊದಲೇ ಹೇಳಿಬಿಡಬೇಕೆಂದು ನಾನು ಎದ್ದೆ. ಅಷ್ಟರಲ್ಲಿ ನಮ್ಮ ತಂಡದ ಹಳೆಯ ಫಾರ್ವರ್ಡ್ ಒಬ್ಬ ತಾನು ಹೊಡೆದ ಗೋಲಿನ ಕತೆ ಶುರುಮಾಡಿದ. ನಾನು ಕೂತೆ. ಊಟ ಮುಗಿಯಿತು, ಮಜ್ಜಿಗೆ ಬಂತು. ಜೊತೆಗಾರ ನನ್ನ ಕಡೆ ನೋಡುತ್ತಿರಲಿಲ್ಲ. ಎಲೆಯ ಅಂಚಿನಲ್ಲಿ ಉಳಿದ ಈರುಳ್ಳಿಯನ್ನು ಬೆರಳಿನಿಂದ ಸರಿಸುತ್ತಿದ್ದ.

"ಆ ಫೈನಲ್ ಮಾತ್ರ ಮರೆಯಕ್ಕೆ ಆಗಲ್ಲಪ್ಪಾ" ಎಂದ ಗೋಲ್‌ಕೀಪರ್. ಖಾಲಿ ಲೋಟಗಳನ್ನು ಎಳೆದುಕೊಂಡ. ನಾಲ್ಕು ಲೋಟ ಸಾಲಾಗಿ ಇಟ್ಟ, ಒಂದು ಲೋಟಕ್ಕೆ ಚಮಚ ನಿಲ್ಲಿಸಿದ. "ಇದು ನಮ್ ಕೈಕಾಟ್ಟಿ. ಪಾರು, ನೋಡು, ಲೈನು ನೀಟಾಗಿ ಇದೆ. ನಾಲ್ಕು ಜನ. ಇವನು ಬೇಗ ಎತ್ತಿದ, ಅಷ್ಟೇ ದಾ. ಹಿಂದೆ ನಾನು ಒಬ್ಬ, ಅನಾಥ."

ಮತ್ತೆ ನಗು. ನಾನು ಜೋಡಿಸಿಟ್ಟುಕೊಂಡಿದ್ದ ತಮಿಳು ಒಂದೂ ಬಾಯಿಗೆ ಬರಲಿಲ್ಲ. ಕೈ ಚಾಚಿ ಬಲಗಡೆಯ ಲೋಟವನ್ನು ಹಿಂದಕ್ಕೆ ಸರಿಸಿದೆ.

"ಇದು ಇಲ್ಲಿತ್ತು" ಎಂದೆ ಕನ್ನಡದಲ್ಲಿ.

"ಯೋ, ಅದು ನೀನು. ನೀನು ಲೈನ್‌ನಲ್ಲಿ ಇದ್ದೆ."

"ಇರಲಿಲ್ಲ. ನೀನು ಚೆಂಡು ನೋಡ್ತಿದ್ದೆ. ಅವನು ಎತ್ತಿದ್ದು ಸರಿಯಾಗೇ ಎತ್ತಿದ. ನಾನು ಹೆದರ್ಕೊಂಡು ಹಿಂದೆ ಹೋದೆ. ಸಾರ್ ಕೇಳಿದಾಗ ಸುಮ್ಮನಿದ್ದೆ."

ಗೋಲ್‌ಕೀಪರ್ ಲೋಟಗಳನ್ನೇ ನೋಡುತ್ತ ಕೂತ. ಯಾರೋ ಒಬ್ಬರು, "ಯಾವ ಮ್ಯಾಚ್ ಇದು?" ಎಂದು ಮೆಲ್ಲಗೆ ಪಕ್ಕದವರನ್ನು ಕೇಳಿದರು. ಅರ್ಧ ಜನಕ್ಕೆ ಆ ಆಟವೇ ನೆನಪಿರಲಿಲ್ಲ. ನೆನಪಿದ್ದದ್ದು ತಮಾಷೆ ಮಾತ್ರ. ಶುರುಮಾಡಿದ ಮೇಲೆ ಪೂರ್ತಿ ಹೇಳಬೇಕು ಎನ್ನಿಸಿ, "ಬಸ್ಸಲ್ಲಿ ಕೈಮರ ಅಂತ ಮೊದಲು ಅಂದೋನೂ ನಾನೇ" ಎಂದೆ.

ಈಗ ಜೊತೆಗಾರ ತಲೆಯೆತ್ತಿದ. "ಅದು ಹೇಳಿರ್ಲಿಲ್ಲ ನೀನು" ಎಂದ.

"ಇಲ್ಲ."

ಗೋಲ್‌ಕೀಪರ್ ಕೆಮ್ಮಿ, ಚಮಚವನ್ನು ಲೋಟದಿಂದ ತೆಗೆದು ಬದಿಗಿಟ್ಟ. "ಮನ್ನಿಸಿಡಪ್ಪಾ" ಎಂದು ನನ್ನ ಜೊತೆಗಾರನಿಗೆ ಹೇಳಿದ. ತನ್ನ ಪರವಾಗಿ ಹೇಳಿದನೋ ನನ್ನ ಪರವಾಗಿಯೋ. ಆಮೇಲೆ ಯಾರೋ ಬೀಡಾ ಹಂಚಿದರು.

ಬಸ್ ನಿಲ್ದಾಣದವರೆಗೆ ನಾವಿಬ್ಬರೂ ನಡೆದೆವು. ಆ ಹೆಸರಿನ ವಿಷಯಕ್ಕೆ ಅವನಿಗೆ ಎಷ್ಟು ನೋವಾಗಿದೆ ಎಂದು ನಾನು ಕೇಳಲಿಲ್ಲ, ಕೇಳುವ ಹಕ್ಕೂ ನನಗಿಲ್ಲ. ಹೆಜ್ಜೆ ಹಿಂದಿಟ್ಟದ್ದು ಭಯದಿಂದ. ಹೆಸರಿಟ್ಟದ್ದು ಯೋಚಿಸಿ. ಮೊದಲನೆಯದನ್ನು ಅವನು ಕ್ಷಮಿಸಬಹುದು, ಎರಡನೆಯದು ಅವನಿಗೆ ಬಿಟ್ಟದ್ದು.

ಕೆಲಮಂಗಲದ ಬಸ್ಸು ನಿಂತಿತ್ತು. ಅವನು ಹತ್ತಿ ಕಿಟಕಿಯ ಪಕ್ಕ ಕೂತ. ನಾನು ಕೆಳಗೆ ನಿಂತಿದ್ದೆ. ಡ್ರೈವರು ಎಂಜಿನ್ ಶುರುಮಾಡಿದ ಮೇಲೆ ಅವನು ಕಂಬಿಯ ಹೊರಗೆ ಮುಖ ಹಾಕಿದ.

"ನೀನು ಮುಂದಕ್ಕೆ ಬಂದಿದ್ರೆ ಆ ಫಾರ್ವರ್ಡು ನಮ್ಮ ಲೈನ್ ದಾಟಿ ಎಷ್ಟು ದೂರ ಇರ್ತಿದ್ದ, ಹೇಳು ನೋಡಾನ?"

ನಾನು ಯೋಚಿಸಿ, "ಒಂದು ಮಾರು" ಎಂದೆ.

"ಒಂದೂವರೆ" ಎಂದ ಅವನು. "ನಾನು ನೋಡಿವ್ನಿ ಕಣ್ಲಾ. ಒಂದೂವರೆ."